ನಲವತ್ತೊಂದನೆಯ ತೂತು

ನಾನು ಒಂದು ತಗಡಿನ ಝಾರಿ. ಗಿಡಗಳಿಗೆ ನೀರು ಹನಿಸುವುದು ನನ್ನ ಕೆಲಸ. ಹಾಗಂತ ಹುಟ್ಟುತ್ತಲೇ ಝಾರಿಯಾಗಿ ಹುಟ್ಟಿದ್ದೇನೂ ಅಲ್ಲ. ಮೊದಲು ಶೇಂಗಾ ಎಣ್ಣೆಯ ಡಬ್ಬಿಯಾಗಿದ್ದೆ. ಎಣ್ಣೆ ತೀರಿದ ಮೇಲೆ ಹುಬ್ಬಳ್ಳಿಯ ಒಂದು ಓಣಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ದಾವಲಸಾಬನ ಕೈ ಸೇರಿದೆ. ಅವನು ನನ್ನನ್ನು ಕತ್ತರಿಸಿದ, ಬಡಿದ, ಬಗ್ಗಿಸಿದ, ಬೆಸುಗೆ ಹಾಕಿದ. ಸಂಜೆಯ ಹೊತ್ತಿಗೆ ನನಗೆ ದುಂಡನೆಯ ಹೊಟ್ಟೆ, ಉದ್ದನೆಯ ಮೂತಿ, ಮೂತಿಯ ತುದಿಗೊಂದು ಅಗಲವಾದ ತಟ್ಟೆ ಬಂದಿದ್ದವು. ಎಣ್ಣೆ ಹೊತ್ತುಕೊಂಡು ಅಂಗಡಿಯ ಮೂಲೆಯಲ್ಲಿ ಕೂರುವ ಬಾಳಿಗಿಂತ ಇದು ಎಷ್ಟೋ ಮೇಲು ಅನ್ನಿಸಿತು.

ತಟ್ಟೆಗೆ ತೂತು ಹೊಡೆಯುವುದು ಮಾತ್ರ ಬಾಕಿ ಇತ್ತು. ದಾವಲಸಾಬ ಮೊಳೆ ಹಿಡಿದು ಒಂದೊಂದಾಗಿ ನಲವತ್ತು ತೂತು ಹೊಡೆದ. ಎಲ್ಲವೂ ನೆಟ್ಟಗೆ, ಅಚ್ಚುಕಟ್ಟಾಗಿ ಬಂದವು. ನಲವತ್ತೊಂದನೆಯದಕ್ಕೆ ಸುತ್ತಿಗೆ ಎತ್ತಿದಾಗ ಯಾರೋ ಹೊರಗಿನಿಂದ ಕೂಗಿದರು. ಅವನು ಆ ಕಡೆ ತಿರುಗಿದ, ಮೊಳೆ ಜಾರಿತು. ತೂತು ಅಂಚಿನಲ್ಲಿ ಓರೆಯಾಗಿ ಬಿತ್ತು. ಅಂದಿನಿಂದ ನಲವತ್ತು ತೂತುಗಳ ನೀರು ಗಿಡದ ಮೇಲೆ ಬಿದ್ದರೆ, ಆ ಒಂದರ ನೀರು ಹಿಂದಕ್ಕೆ ತಿರುಗಿ, ನನ್ನನ್ನು ಹಿಡಿದವರ ಎಡಗಾಲಿನ ಮೇಲೆ ಬೀಳುತ್ತದೆ.

ನನ್ನನ್ನು ಮೊದಲು ಕೊಂಡವಳು ತುಂಗವ್ವ. ಧಾರವಾಡದಲ್ಲಿ ಸೇವಂತಿಗೆ ಬೆಳೆದು, ಮಾಲೆ ಕಟ್ಟಿ ಮಾರುತ್ತಿದ್ದ ಹೆಂಗಸು. ನೀರು ತುಂಬಿ ನೋಡಿದಾಗ ಅವಳ ಎಡಗಾಲು ತೋಯ್ದಿತು. ದಾವಲಸಾಬ ನಾಚಿಕೊಂಡು ಬೆಸುಗೆ ಹಾಕಿ ಮುಚ್ಚಿಕೊಡುತ್ತೇನೆ ಅಂದ. ತುಂಗವ್ವ ನಕ್ಕಳು. “ಇರ್ಲಿ ಬಿಡೋ ಸಾಬಣ್ಣ, ಬ್ಯಾಸಗ್ಯಾಗ ಕಾಲಿಗೆ ತಂಪ ಇರ್ತೈತಿ” ಅಂದಳು. ಅವಳು ಹಾಗೆ ಅಂದಿರದಿದ್ದರೆ ನನ್ನ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಹೇಳುವಂಥದ್ದು ಏನೂ ಇರುತ್ತಿರಲಿಲ್ಲ.

ಆರು ವರ್ಷ ಅವಳ ಸೇವಂತಿಗೆಗೆ ನೀರು ಹನಿಸಿದೆ. ಆಮೇಲೆ ಅವಳ ಮೊಣಕಾಲು ಸೋತವು, ಹೂವಿನ ಸಾಲು ಪಾಳು ಬಿತ್ತು. ವಾರಕ್ಕೊಮ್ಮೆ ಅವಳ ಮನೆಗೆ ಹೂಕೋಸು ತಂದುಕೊಡುತ್ತಿದ್ದ ಅಡಿವೆಪ್ಪನಿಗೆ ನನ್ನನ್ನು ಕೊಟ್ಟುಬಿಟ್ಟಳು.

ಅಡಿವೆಪ್ಪ ಆಗ ಗಟ್ಟಿಮುಟ್ಟಾದ ಆಳು. ಕೆಲಗೇರಿ ಕಡೆ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿ ಹೂಕೋಸು ಬೆಳೆಯುತ್ತಿದ್ದ. ಮಾತು ಕಡಿಮೆ, ಕೆಲಸ ಜಾಸ್ತಿ. ಅವನ ಸಸಿಮಡಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ಸಸಿ ದೊಡ್ಡದಾಗಿ ಹೊಲ ಸೇರಿದ ಮೇಲೂ ನನಗೆ ಬಿಡುವಿರಲಿಲ್ಲ, ಅದಕ್ಕಿಂತ ದೊಡ್ಡ ಕೆಲಸವೊಂದು ಕಾದಿರುತ್ತಿತ್ತು.

ಹೂಕೋಸಿನ ಗಡ್ಡೆಗೆ ಬಿಸಿಲು ತಾಕಿದರೆ ಅದು ಹಳದಿಗೋ ಹಸಿರಿಗೋ ತಿರುಗುತ್ತದೆ. ಪೇಟೆಯಲ್ಲಿ ಅದನ್ನು ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ಗಡ್ಡೆ ಇನ್ನೂ ಸಣ್ಣದಿರುವಾಗ ಸುತ್ತಲಿನ ಎಲೆಗಳನ್ನು ಮೇಲೆತ್ತಿ, ಒಟ್ಟುಗೂಡಿಸಿ ಕಟ್ಟಬೇಕು. ಅಡಿವೆಪ್ಪ ದಾರ ಬಳಸುತ್ತಿರಲಿಲ್ಲ, ಎಲೆ ಕತ್ತರಿಸುತ್ತದೆ ಅಂತ. ಬಾಳೆಯ ನಾರು ಸೀಳಿ, ನನ್ನ ಹೊಟ್ಟೆಯೊಳಗೆ ನೆನೆಹಾಕಿ, ಸಾಲಿನಿಂದ ಸಾಲಿಗೆ ನನ್ನನ್ನು ಹೊತ್ತು ನಡೆಯುತ್ತಿದ್ದ. ಒಂದೊಂದು ನಾರು ತೆಗೆದು ಒಂದೊಂದು ಗಿಡಕ್ಕೆ ಕಟ್ಟುತ್ತಿದ್ದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಎಂಟು ಹತ್ತು ದಿನ ಬಿಟ್ಟು ಬಿಚ್ಚಿದರೆ ಒಳಗೆ ಹಾಲಿನಂಥ ಬಿಳಿ ಗಡ್ಡೆ. ಧಾರವಾಡದ ಸಂತೆಯಲ್ಲಿ “ಅಡಿವೆಪ್ಪನ ಫ್ಲಾವರ್ ಐತೇನು?” ಅಂತ ಕೇಳಿಕೊಂಡು ಬರುವವರಿದ್ದರು. ಆ ಮಾತು ಕೇಳಿದಾಗ ಅವನಷ್ಟೇ ನಾನೂ ಬೀಗುತ್ತಿದ್ದೆ. ನಾರು ನೆನೆಸಿದವನು ನಾನಲ್ಲವೇ?

ಹೀಗೆ ಮೂವತ್ತು ವರ್ಷ ಕಳೆಯಿತು. ಎರಡು ಸಲ ನನ್ನ ತಳ ತುಕ್ಕು ಹಿಡಿದು ಉದುರಿತು, ಎರಡು ಸಲವೂ ಹೊಸ ತಳ ಹಾಕಿಸಿದ. ಓರೆ ತೂತನ್ನು ಅವನೂ ಮುಚ್ಚಿಸಲಿಲ್ಲ. ಅವನ ಎಡಗಾಲಿನ ಚಪ್ಪಲಿ ಮಾತ್ರ ಬಲಗಾಲಿನದಕ್ಕಿಂತ ಮೊದಲು ಹರಿಯುತ್ತಿತ್ತು. ಆಮೇಲೆ ಹೊಲದ ಮಾಲೀಕರು ಅಲ್ಲಿ ಮನೆಗಳ ಪ್ಲಾಟು ಹಾಕಿದರು. ಅಡಿವೆಪ್ಪನ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮಗ ನಿಂಗರಾಜ ಬಸ್ಸಿನ ಕಂಡಕ್ಟರ್ ಆಗಿದ್ದ, ಊರ ಅಂಚಿನಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿದ್ದ. ಆ ಮನೆಯ ಹಿತ್ತಲಲ್ಲಿ ಇಪ್ಪತ್ತು ಹೆಜ್ಜೆ ನೆಲ. ಎರಡು ಎಕರೆ ಬೆಳೆದವನ ರಾಜ್ಯ ಅಷ್ಟಕ್ಕೆ ಬಂದು ನಿಂತಿತು. ಹಿತ್ತಲ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ನನ್ನನ್ನು ತೂಗುಹಾಕಿದ. ನನ್ನನ್ನು ಅವನಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಆ ಮನೆಗೆ ಶೈಲಾ ಸೊಸೆಯಾಗಿ ಬಂದಳು. ಬೆಳಗಾವಿಯ ಹುಡುಗಿ. ಅವಳ ಅಪ್ಪ ಅಲ್ಲಿ ಮಿಲಿಟರಿ ಮೆಸ್ಸಿನಲ್ಲಿ ಅಡುಗೆಯವರಾಗಿದ್ದವರು. ನನಗೆ ಅವಳ ಮೇಲೆ ಮೊದಲ ದಿನವೇ ಮುನಿಸು ಬಂತು, ಅದನ್ನು ಮುಚ್ಚಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಬೆಳಗ್ಗೆ ಅವಳು ತುಳಸಿಗೆ ನೀರು ಹಾಕಲು ನನ್ನನ್ನು ಮೊಳೆಯಿಂದ ಇಳಿಸಿದಳು. ಎಡಗಾಲು ತೋಯ್ದದ್ದೇ ತಡ, “ಅಯ್ಯ, ಇದು ಸೋರ್ತೈತಲ್ರಿ! ಗುಜರಿಗೆ ಹಾಕಿ ಒಂದ ಪೈಪ ತರೂಣು” ಅಂದುಬಿಟ್ಟಳು. ಪಡಸಾಲೆಯಲ್ಲಿ ಕೂತಿದ್ದ ಅಡಿವೆಪ್ಪ ಎದ್ದು ಬಂದ. ನನ್ನನ್ನು ಅವಳ ಕೈಯಿಂದ ತಗೊಂಡು ಮೊಳೆಗೆ ಹಾಕಿದ. ಅಷ್ಟೇ. ಆದರೆ ಆವತ್ತಿನಿಂದ ಮಾವ ಸೊಸೆಯ ನಡುವೆ ಮಾತು ಊಟಕ್ಕೆ ಕರೆಯುವಷ್ಟಕ್ಕೆ ಬಂತು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನು ಸೋರುತ್ತಿದ್ದುದು ನಿಜ. ಅದಕ್ಕೇ ಇರಬೇಕು, ಆ ಮಾತು ನಮ್ಮಿಬ್ಬರಿಗೂ ಅಷ್ಟು ಚುಚ್ಚಿದ್ದು.

ಎರಡು ವರ್ಷ ಹಾಗೇ ನಡೆಯಿತು. ಆ ಆಷಾಢದಲ್ಲಿ ಶೈಲಾಳ ಅಪ್ಪ ತೀರಿಕೊಂಡರು. ತವರಿನಿಂದ ಮರಳಿ ಬಂದವಳು ಒಂದು ಸಣ್ಣ ಕಾಗದದ ಪೊಟ್ಟಣ ತಂದಿದ್ದಳು. ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ್ದು, ಅವರು ಯಾವತ್ತೋ ತಂದಿಟ್ಟಿದ್ದ ಬ್ರೊಕೋಲಿ ಬೀಜ. ಮೆಸ್ಸಿನ ಹಿಂದಿನ ಜಾಗದಲ್ಲಿ ಅವರು ಅದನ್ನು ಬೆಳೆಯುತ್ತಿದ್ದರಂತೆ. ಮನೆಗೆ ತಂದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಾವೇ ಪಲ್ಯ ಮಾಡಿ ಮಗಳಿಗೆ ತಿನ್ನಿಸುತ್ತಿದ್ದರಂತೆ. ಅಪ್ಪ ಹೋದ ಮೇಲೆ ಅವಳ ಅವ್ವ ಕಲ್ಲವ್ವ ಸರಿಯಾಗಿ ಉಣ್ಣುವುದನ್ನೇ ಬಿಟ್ಟಿದ್ದಳು. ಸಂಕ್ರಾಂತಿಗೆ ಅವ್ವನನ್ನು ಕರೆಸಿ, ಅಪ್ಪನ ಬೀಜದಿಂದ ಬೆಳೆದ ಪಲ್ಯ ಅವಳ ತಾಟಿಗೆ ಬಡಿಸಬೇಕು ಅನ್ನುವುದು ಶೈಲಾಳ ಆಸೆ.

“ಪ್ಯಾಟ್ಯಾಗ ಸಿಗತೈತಲ್ಲ, ತಂದ್ರಾತು” ಅಂದ ನಿಂಗರಾಜ.

“ಪ್ಯಾಟ್ಯಾಗ ಸಿಗೂದು ಬ್ಯಾರೆ. ಇದು ನಮ್ಮಪ್ಪಂದು” ಅಂದಳು.

ಬೀಜ ಹಳೆಯದು. ಚಹಾದ ಕಾಗದದ ಕಪ್ಪುಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಹದಿನೆಂಟು ಬೀಜ ಹಾಕಿದಳು. ಮೊಳೆತದ್ದು ನಾಲ್ಕು. ಒಂದು ಬುಡ ಕೊಳೆತು ಬಿತ್ತು. ಇನ್ನೊಂದನ್ನು ಬಸವನಹುಳು ತಿಂದಿತು. ಹಿತ್ತಲ ಮೂಲೆಯಲ್ಲಿ ಮಡಿ ಮಾಡಿ ಎರಡನ್ನು ನೆಟ್ಟಳು, ಒಂದನ್ನು ಪಕ್ಕದ ಮನೆಯ ಕೋಳಿ ಕೆದರಿ ಹಾಕಿತು. ಉಳಿದದ್ದು ಒಂದೇ ಒಂದು ಗಿಡ. ಅದಕ್ಕೆ ಅವಳು ತಿಪ್ಪೆಗೊಬ್ಬರ ಹಾಕಿದಳು, ಬೂದಿ ಉದುರಿಸಿದಳು, ಬೆಳಗೆದ್ದು ಎಲೆ ಮಗುಚಿ ಹಸಿರು ಹುಳಗಳನ್ನು ಕೈಯಿಂದ ಆರಿಸಿ ತೆಗೆದಳು. ನೀರನ್ನು ಮಾತ್ರ ಪ್ಲಾಸ್ಟಿಕ್ ಮಗ್ಗಿನಲ್ಲಿ ಹಾಕುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಡಿವೆಪ್ಪ ತನ್ನ ಬದನೆ ಗಿಡಗಳ ನಡುವೆ ನಿಂತು ಓರೆಗಣ್ಣಿನಿಂದ ಎಲ್ಲ ನೋಡುತ್ತಿದ್ದ. ಎಲೆ ನೋಡಿದರೆ ಹೂಕೋಸಿನ ಜಾತಿ ಅಂತ ಅವನಿಗೆ ಗೊತ್ತಾಗಿತ್ತು. ಬ್ರೊಕೋಲಿ ಅನ್ನುವುದು ಅದಕ್ಕೇ ಮಿಲಿಟರಿಯವರು ಇಟ್ಟ ಹೆಸರಿರಬೇಕು ಅಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಹೊಸ ವರ್ಷ ಬರುವ ಹೊತ್ತಿಗೆ ಗಿಡದ ನಡುವೆ ಸಣ್ಣ ಗಡ್ಡೆ ಕಾಣಿಸಿತು. ಅದೇ ದಿನಗಳಲ್ಲಿ ಬೆಳಗಾವಿಯಿಂದ ಫೋನ್ ಬಂತು, ಕಲ್ಲವ್ವ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಶೈಲಾ ಗಡಬಡಿಸಿ ಹೊರಟಳು. “ಭೋಗಿ ಹೊತ್ತಿಗೆ ಅವ್ವನ್ನ ಕರಕೊಂಡ ಬರ್ತೇನಿ. ಗಿಡಕ್ಕ ದಿನಾ ನೀರ ಹಾಕ್ರಿ, ಮರೀಬ್ಯಾಡ್ರಿ” ಅಂತ ಗಂಡನಿಗೆ ಎರಡೆರಡು ಸಲ ಹೇಳಿದಳು. ನಿಂಗರಾಜ ಮೊದಲ ದಿನ ಹಾಕಿದ. ಎರಡನೆಯ ದಿನ ನಸುಕಿನ ಡ್ಯೂಟಿ ಬಂತು, ಮರೆತ. ಮೂರನೆಯ ದಿನ ಎಲೆಗಳು ಜೋಲುಬಿದ್ದವು.

ಅಡಿವೆಪ್ಪ ಹಿತ್ತಲಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದ. ಆಮೇಲೆ ನನ್ನನ್ನು ಮೊಳೆಯಿಂದ ಇಳಿಸಿದ. ಆ ಮೂಲೆಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಗುಜರಿಗೆ ಹಾಕಿ ಅಂದವಳ ಗಿಡ. ಆದರೆ ಬಾಯಾರಿದ ಗಿಡದ ಮುಂದೆ ಯಾರ ಮುನಿಸೂ ಬಹಳ ಹೊತ್ತು ನಿಲ್ಲುವುದಿಲ್ಲ. ನಲವತ್ತು ತೂತುಗಳಿಂದಲೂ ಹನಿಸಿದೆ. ಸಂಜೆಯ ಹೊತ್ತಿಗೆ ಎಲೆಗಳು ಎದ್ದು ನಿಂತವು. ಅಂದಿನಿಂದ ದಿನಕ್ಕೆರಡು ಸಲ ನಾವಿಬ್ಬರೂ ಅಲ್ಲಿಗೆ ಹೋದೆವು.

ಐದನೆಯ ದಿನ ಅಡಿವೆಪ್ಪ ಎಲೆ ಸರಿಸಿ ಗಡ್ಡೆ ನೋಡಿದ. ಮುಷ್ಟಿಯಷ್ಟಾಗಿತ್ತು. ಹಸಿರಾಗಿತ್ತು. ಅವನ ಮುಖ ಸಣ್ಣದಾಯಿತು.

“ಬಿಸಲು ಬಡದೈತಿ” ಅಂದ, ತನಗೆ ತಾನೇ. “ಪಾಪ, ಕಟ್ಟಬೇಕಂತ ಆ ಹುಡಿಗಿಗೆ ಯಾರ ಹೇಳಬೇಕು. ಬೀಗತಿ ಬೇರೆ ಬರಾಕತ್ತಾರ.”

ಎಷ್ಟೋ ವರ್ಷದ ಮೇಲೆ ಅವನು ಬಾಳೆಯ ನಾರು ಸೀಳಿದ. ನನ್ನ ಹೊಟ್ಟೆಯಲ್ಲಿ ನೀರು ಹಾಕಿ ನೆನೆಯಲು ಇಟ್ಟ. ಆ ನಾರಿನ ವಾಸನೆಗೆ ನನ್ನ ಹಳೆಯ ಹೊಲ, ಹಳೆಯ ಸಾಲುಗಳೆಲ್ಲ ನೆನಪಾದವು. ಸಂತೋಷವಾಯಿತು. ಅವನು ಮಂಡಿಯೂರಿ, ಎಲೆಗಳನ್ನು ಒಂದೊಂದಾಗಿ ಎತ್ತಿ, ಕೂಡಿಸಿ ಕಟ್ಟಿದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಒಂದು ಕಿರಣವೂ ಒಳಗೆ ಹೋಗದಂತೆ. ಸೊಸೆಗೆ ಅವನು ಮಾಡಿದ ಮೊದಲ ಉಪಕಾರ ಅದು. ಬಿಚ್ಚಿದಾಗ ಅವಳ ಮುಖ ಹೇಗೆ ಅರಳೀತು ಅಂತ ನಾವಿಬ್ಬರೂ ದಿನ ಎಣಿಸತೊಡಗಿದೆವು.

ಭೋಗಿಯ ಹಿಂದಿನ ಸಂಜೆ ಶೈಲಾ ಬಂದಳು. ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ, ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡಿದಳು. ಕಟ್ಟಿದ ಎಲೆಗಳನ್ನು ನೋಡಿ ಗಕ್ಕನೆ ನಿಂತಳು. ನಾರು ಹರಿದು ಬಿಡಿಸಿದಳು. ಒಳಗೆ ಬಿಳಿ ಗಡ್ಡೆ ಇರಲಿಲ್ಲ. ಹಸಿರೂ ಇರಲಿಲ್ಲ. ಬಣ್ಣಗೆಟ್ಟು, ಸಡಿಲಾಗಿ, ಮೊಗ್ಗುಗಳೆಲ್ಲ ಹಿಗ್ಗಿ, ಅಲ್ಲಲ್ಲಿ ಹಳದಿ ಹೂ ಅರಳಿತ್ತು.

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಹಿಂದೆ ಬಂದ ಗಂಡನನ್ನು ಕೇಳಿದಳು, “ಯಾರ ಕಟ್ಟಿದ್ರು ಇದನ್ನ?”

“ನನಗ ಗೊತ್ತಿಲ್ಲ. ನಾ ಅಲ್ಲ.”

“ಮತ್ಯಾರ? ಮನ್ಯಾಗ ಇನ್ಯಾರ ಅದಾರ? ನನ್ನ ಗಿಡಾ ಅಂತ ಬೇಕಂತಲೇ ಹಿಂಗ ಮಾಡ್ಯಾರ. ಅದು ಅರಳೂದ್ರಾಗ ಕೊಯ್ಯಬೇಕಿತ್ತು. ಕಣ್ಣಿಗೆ ಕಾಣಬಾರದಂತ ಕಟ್ಟಿ ಇಟ್ಟಾರ. ನಮ್ಮಪ್ಪಂದು ಒಂದ ಗಿಡಾ ಉಳದಿತ್ತು...” ಮುಂದಿನ ಮಾತು ಅಳುವಿನಲ್ಲಿ ಹೋಯಿತು.

ಬಾಗಿಲ ಒಳಗೆ ಅಡಿವೆಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡ. ಹೇಳಬೇಕೆಂದು ಬಾಯಿ ತೆರೆದ, ಹೇಳಲಾಗಲಿಲ್ಲ. ಮೂವತ್ತು ವರ್ಷದ ಅವನ ಕೈಗುಣ ಒಂದು ಗಿಡದ ಮುಂದೆ ಸೋತಿತ್ತು. ಏಕೆ ಸೋತಿತು ಅನ್ನುವುದೂ ಅವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ನಾರು ನೆನೆದದ್ದು ನನ್ನ ಹೊಟ್ಟೆಯಲ್ಲಿ ಅನ್ನುವ ಸಂಕಟದಲ್ಲಿ ನಾನು ಮೊಳೆಗೆ ತೂಗಿಕೊಂಡೇ ಇದ್ದೆ.

ಮರುದಿನ ಬೆಳಕು ಹರಿಯುವಾಗ ಅವನು ಎದ್ದ. ಅಭ್ಯಾಸವೋ ಏನೋ, ನನ್ನನ್ನು ತುಂಬಿಕೊಂಡು ಆ ಮೂಲೆಗೇ ಹೋದ. ಕೆಟ್ಟ ಗಿಡಕ್ಕೆ ನೀರು ಹಾಕಿದ. ಬಂದು ನನ್ನನ್ನು ಮೊಳೆಗೆ ಹಾಕಿ, ಕುಡುಗೋಲು ಹುಡುಕಿ ಕೈಗೆ ತಗೊಂಡ. ಹೂಕೋಸು ಕೆಟ್ಟರೆ ಬುಡಸಮೇತ ಕಿತ್ತು ದನಕ್ಕೆ ಹಾಕುವುದು ಅವನು ಕಂಡ ದಾರಿ.

ಶೈಲಾ ಕಸಬರಿಗೆ ಹಿಡಿದು ಹಿತ್ತಲ ಬಾಗಿಲು ತೆರೆದಳು. ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಹೆಜ್ಜೆಗಳಿದ್ದವು. ಒಂದೇ ಕಾಲಿನ ಒದ್ದೆ ಹೆಜ್ಜೆಗಳು. ಎಡಗಾಲು, ಮತ್ತೆ ಎಡಗಾಲು, ಮತ್ತೆ ಎಡಗಾಲು. ಅವಳ ಗಿಡದ ಕಡೆಯಿಂದ ಹೊರಟು ನನ್ನ ಮೊಳೆಯ ಕೆಳಗೆ ಬಂದು ನಿಂತಿದ್ದವು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನಿನ್ನೂ ತೊಟ್ಟಿಕ್ಕುತ್ತಿದ್ದೆ. ಎರಡು ವರ್ಷದ ಹಿಂದೆ ತನ್ನ ಕಾಲು ತೋಯ್ದದ್ದು ಅವಳಿಗೆ ನೆನಪಾಗಿರಬೇಕು. ತಾನು ಹನ್ನೆರಡು ದಿನ ಮನೆಯಲ್ಲಿರದಿದ್ದರೂ ಗಿಡ ಒಣಗದೆ ನಿಂತದ್ದು ಆಗ ಅವಳ ಗಮನಕ್ಕೆ ಬಂತು.

“ಮಾವಾರ, ದಿನಾ ನೀರ ಹಾಕಿದಾವರು ನೀವೇನ್ರಿ?”

ಅಡಿವೆಪ್ಪ ಕುಡುಗೋಲು ಕೆಳಗಿಟ್ಟ. “ಹೂಂ. ಕಟ್ಟಿದಾಂವನೂ ನಾನವಾ. ಹಸರಗಾಗಿತ್ತು. ನಿಮ್ಮವ್ವ ಬರೂದ್ರಾಗ ಬೆಳ್ಳಗಾಗ್ಲಿ ಅಂತ ಕಟ್ಟಿದ್ನಿ. ನಾ ಹೊಲದಾಗ ಹಂಗಽ ಮಾಡ್ತಿದ್ನಿ. ಬೇಕಂತ ಮಾಡಿದ್ದಲ್ಲವಾ.”

ಶೈಲಾಳಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು. “ಮಾವಾರ, ಅದು ಬೆಳ್ಳಗಾಗೂದಿಲ್ರಿ. ಹಸರಽ ಇರೂದು. ನಿನ್ನೆ ನಾ ಅಂದಿದ್ದು ನಿಮಗ ಕೇಳಸ್ತೇನ್ರಿ?”

“ಕೇಳಿಸ್ತು. ಬಿಡು, ನಾನೂ ಎರಡ ವರ್ಷ ಒಂದ ಮಾತ ಹಿಡಕೊಂಡ ಕುಂತಿದ್ನಿ.”

ಅಷ್ಟರಲ್ಲಿ ಗೋಡೆ ಹಿಡಿದು ಕುಂಟುತ್ತ ಕಲ್ಲವ್ವ ಬಾಗಿಲಿಗೆ ಬಂದಳು. ಏನಾಯಿತು ಅಂತ ಕೇಳಲಿಲ್ಲ, ಅವಳ ಕಣ್ಣು ನೇರ ಗಿಡದ ಮೇಲೆ ಬಿತ್ತು. ಹೂ ಅರಳಿದ್ದ ಆ ಗಡ್ಡೆಯನ್ನು ಬಹಳ ಹೊತ್ತು ನೋಡಿದಳು.

“ಹೂ ಆಗೈತಿ” ಅಂದಳು. “ನಿಮ್ಮಪ್ಪ ಇಂಥಾದ್ದನ್ನ ತರ್ತಿದ್ದ.”

“ಇಲ್ಲವ್ವ, ಅಪ್ಪ ತರ್ತಿದ್ದದ್ದು ಚೊಲೋದು. ಇದು ಕೆಟ್ಟೈತಿ.”

“ಚೊಲೋದು ಸಾಹೇಬ್ರ ತಾಟಿಗೆ ಹೋಗ್ತಿತ್ತು. ಅರಳಿದ್ದನ್ನ ಮೆಸ್ಸಿನ್ಯಾಗ ಒಗಿಯಾಕ ಇಟ್ಟಿರ್ತಿದ್ರು. ಅದನ್ನ ಕೇಳಿ ತರ್ತಿದ್ದ. ನಿನಗ ಹೇಳಬ್ಯಾಡ ಅಂತಿದ್ದ, ಮಗಳ ಮುಂದ ಸಣ್ಣಾಂವ ಆಗ್ತೇನಿ ಅಂತ.”

ಶೈಲಾ ಗಿಡದ ಕಡೆ ತಿರುಗಿದಳು. “ಪಲ್ಯದಾಗ ಹಳದಿ ಇರ್ತಿತ್ತು. ನಾ ಅರಿಷಿಣ ಅಂತ ತಿಳಕೊಂಡಿದ್ನಿ” ಅಂದಳು.

“ಕೊಯ್ಕೊಂಡ ಬಾ” ಅಂದಳು ಕಲ್ಲವ್ವ. “ಬೀಗರ, ನೀವು ಬುಡಾ ಕೀಳಬ್ಯಾಡ್ರಿ. ಇದರ ತಲಿ ಕೊಯ್ದ್ರೂ ಮಗ್ಗಲದಾಗ ಮತ್ತ ಬರ್ತೈತಿ.”

ಅಡಿವೆಪ್ಪ ನಂಬಲಿಲ್ಲ. ಆದರೂ ಕುಡುಗೋಲನ್ನು ಸೊಸೆಯ ಕೈಗೆ ಕೊಟ್ಟ, ಎಷ್ಟು ಕೊಯ್ಯಬೇಕೋ ಅವಳೇ ಕೊಯ್ಯಲಿ ಅಂತ. ಆವತ್ತು ಆ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣಗಾಯಿ, ಬರ್ತ, ಹೀಗೆ ಭೋಗಿಯ ಅಡುಗೆಯೆಲ್ಲ ಇತ್ತು. ಜೊತೆಗೆ ಒಂದು ಸಣ್ಣ ಬಟ್ಟಲಿನಲ್ಲಿ, ಬೆಳ್ಳುಳ್ಳಿ ಒಗ್ಗರಣೆಯ, ಹಳದಿ ಹೂ ಕೂಡಿದ ಪಲ್ಯ. ಅಡುಗೆಮನೆಯ ಕಿಟಕಿಯಿಂದ ವಾಸನೆ ನನ್ನವರೆಗೂ ಬಂತು. ಒಳಗಿನದು ನನಗೆ ಕಾಣಲಿಲ್ಲ. “ಇನ್ನೊಂದ ರೊಟ್ಟಿ ಹಾಕು” ಅಂದ ಕಲ್ಲವ್ವನ ದನಿ ಮಾತ್ರ ಕೇಳಿಸಿತು. ಅದರ ಹಿಂದೆಯೇ ಶೈಲಾ ಮೂಗು ಸೆಳೆದ ಸದ್ದು.

ಹದಿನೈದು ದಿನಕ್ಕೆ ಎಲೆಯ ಬುಡಗಳಲ್ಲಿ ಸಣ್ಣ ಸಣ್ಣ ಹಸಿರು ಗಡ್ಡೆಗಳು ಹೊರಟವು. ಒಂದಲ್ಲ, ಐದು. ಅಡಿವೆಪ್ಪ ದಿನಾ ಹೋಗಿ ಎಣಿಸಿ ಬರುತ್ತಿದ್ದ. ಹೂಕೋಸು ಒಂದು ಸಲ ಕೊಟ್ಟು ಮುಗಿಸುವ ಗಿಡ, ಅವನ ಆಯುಷ್ಯದಲ್ಲಿ ಇಂಥದನ್ನು ಕಂಡಿರಲಿಲ್ಲ. ಆ ಗಡ್ಡೆಗಳು ಹೆಬ್ಬೆರಳಿನಷ್ಟಾದ ದಿನ ಅವನು ನನ್ನನ್ನು ಮೊಳೆಯಿಂದ ಇಳಿಸಿ, ನೀರು ತುಂಬಿ, ಶೈಲಾಳ ಮುಂದೆ ಹಿಡಿದ.

“ಇನ್ನ ಮ್ಯಾಲೆ ನೀನ ಹಾಕವಾ. ನನಗ ಬಗ್ಗಾಕ ಆಗೂದಿಲ್ಲ.”

ಅವನಿಗೆ ಬಗ್ಗಲು ಚೆನ್ನಾಗಿಯೇ ಆಗುತ್ತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಎರಡೂ ಕೈಯಿಂದ ನನ್ನನ್ನು ತೆಗೆದುಕೊಂಡಳು. ಅಂದಿನಿಂದ ದಿನಾ ಬೆಳಗ್ಗೆ ಪಡಸಾಲೆಯಿಂದ ಒಂದು ಪ್ರಶ್ನೆ ಬರುತ್ತಿತ್ತು: “ಎಡಗಾಲ ತೋಯ್ತೇನವಾ?” ಹಿತ್ತಲಿನಿಂದ ಒಂದು ಉತ್ತರ ಹೋಗುತ್ತಿತ್ತು: “ತೋಯ್ತ್ರಿ, ಮಾವಾರ.” ಮಾತು ಅಲ್ಲಿಂದ ಶುರುವಾದರೆ ಚಹಾ ಆರುವತನಕ ಮುಗಿಯುತ್ತಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೂರನೆಯ ಸಲ ತಳ ಉದುರಿತು. ಮತ್ತೆ ಬೆಸುಗೆ ಹಾಕಲು ತಗಡು ಗಟ್ಟಿ ಉಳಿದಿಲ್ಲ, ದಾವಲಸಾಬನ ಅಂಗಡಿಯೂ ಇಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿದ. ಮೊದಲ ಸಲ ಅವನು ನನ್ನನ್ನು ಎತ್ತಿಕೊಂಡಾಗ ನಾನು ಶೈಲಾಳ ಹಳೆಯ ಮಾತು ನೆನೆದು ಹೆದರಿದೆ. ಅವಳು ಅವನ ಕೈಯಿಂದ ನನ್ನನ್ನು ಕಸಿದುಕೊಂಡು ಬಾಗಿಲು ಹಾಕಿದಳು. ಆಮೇಲೆ ನನ್ನ ಹೊಟ್ಟೆಗೆ ಮಣ್ಣು ತುಂಬಿ, ತಿಪ್ಪೆಗೊಬ್ಬರ ಹಾಕಿ, ಒಂದು ಬ್ರೊಕೋಲಿ ಸಸಿ ನೆಟ್ಟು, ಹಿತ್ತಲ ಮೂಲೆಯಲ್ಲಿ ಇಟ್ಟಳು. ಇಷ್ಟು ವರ್ಷ ಗಿಡಗಳಿಗೆ ಮೇಲಿನಿಂದ ನೀರು ಹಾಕಿದವನು ಈಗ ಅವುಗಳ ಬೇರನ್ನು ಒಳಗಿನಿಂದ ಬಲ್ಲೆ. ಮಣ್ಣಿನ ತಂಪು ಹಿತವಾಗಿದೆ.

ಒಬ್ಬನೇ ಕೂತಾಗ ಒಂದು ವಿಷಯ ಯೋಚಿಸುತ್ತೇನೆ. ದಾವಲಸಾಬ ನೆಟ್ಟಗೆ ಹೊಡೆದ ನಲವತ್ತು ತೂತುಗಳು ಬಾಳಿನುದ್ದ ಸರಿಯಾಗಿ ಕೆಲಸ ಮಾಡಿದವು. ಅವು ಹಾಕಿದ ನೀರನ್ನು ಮಣ್ಣು ಕುಡಿಯಿತು, ಯಾರಿಗೂ ಗೊತ್ತಾಗಲಿಲ್ಲ. ತಪ್ಪಿ ಬಿದ್ದ ಒಂದೇ ಒಂದು ತೂತು ಆ ಮುದುಕನ ಬಾಯಲ್ಲಿ ಬಾರದ ಮಾತನ್ನು ಕಲ್ಲಿನ ಮೇಲೆ ಬರೆದಿಟ್ಟಿತು. ದಾವಲಸಾಬ ನಾಚಿಕೊಂಡದ್ದು ನೆನಪಾದರೆ ಅವನಿಗೆ ಇದನ್ನು ಹೇಳಬೇಕಿತ್ತು ಅನ್ನಿಸುತ್ತದೆ.

ನನ್ನ ಮೈಯ ಗಿಡದಲ್ಲಿ ಈಗ ಗಡ್ಡೆ ಮೂಡಿದೆ. ಅಡಿವೆಪ್ಪ ಕೋಲೂರಿಕೊಂಡು ಬಂದು ನೋಡುತ್ತಾನೆ, ಎಲೆ ಮುಟ್ಟುವುದಿಲ್ಲ. ಶೈಲಾ ಪ್ಲಾಸ್ಟಿಕ್ ಮಗ್ಗು ಹಿಡಿದು ಬಂದು ನನಗೆ ನೀರು ಹಾಕುತ್ತಾಳೆ. ಆ ಮಗ್ಗಿಗೆ ತೂತಿಲ್ಲ, ಅದು ಯಾರ ಕಾಲನ್ನೂ ತೋಯಿಸುವುದಿಲ್ಲ. ಆದರೂ ಅವಳು ಮಗ್ಗು ಬಗ್ಗಿಸುವ ಮುಂಚೆ ಎಡಗಾಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ನಿಂತ ಅಡಿವೆಪ್ಪನೂ ಸರಿಸಿಕೊಳ್ಳುತ್ತಾನೆ.